ಭರಮಪ್ಪನ ಎಳೆತ, ಕಲ್ಲವ್ವನ ಹರುಕು ಆಟಿಕೆ

ಹರಿಯದ ಆಟಿಕೆಯೇ ಒಳ್ಳೆಯ ಆಟಿಕೆ ಎಂದು ಆ ಕಾಲದಲ್ಲಿ ಈಚಲಕೆರೆಯ ಕಾಡಿನಲ್ಲಿ ಎಲ್ಲರೂ ನಂಬಿದ್ದರು.

ಯಾಕೆ ನಂಬಿದ್ದರು ಎಂದು ಕೇಳಬೇಡಿ, ಮಕ್ಕಳೇ. ಅವರ ಅಪ್ಪಂದಿರು ನಂಬಿದ್ದರು, ಅಷ್ಟೇ. ನಂಬಿಕೆ ಎನ್ನುವುದು ಅಣ್ಣನ ಹಳೆಯ ಅಂಗಿಯ ಹಾಗೆ ತಮ್ಮನಿಗೆ ಬರುತ್ತದೆ. ಅಳತೆ ಸರಿಯಿದೆಯೇ ಎಂದು ಯಾರೂ ನೋಡುವುದಿಲ್ಲ.

ಕೆರೆಯ ದಂಡೆಯಲ್ಲಿ ಒಂದು ಹಳೆಯ ಅತ್ತಿಮರ. ಮೇಲಿನ ಪೊಟರೆಯಲ್ಲಿ ಸೋಮಿ ಎಂಬ ಗಿಳಿ. ಕೆಳಗಿನ ಪೊಟರೆಯಲ್ಲಿ ಕಲ್ಲವ್ವ ಎಂಬ ಅಳಿಲು. ಮರದ ತುದಿಯಲ್ಲಿ ದುರ್ಗ ಎಂಬ ಕಾಗೆ. ಅಡ್ಡಕೊಂಬೆಯ ಮೇಲೆ ಭರಮಪ್ಪ ಎಂಬ ಮುಸಿಯ, ಅಂದರೆ ಕರಿಮುಖದ ಉದ್ದಬಾಲದ ಕೋತಿ. ಬುಡದ ನೀರಿನಲ್ಲಿ ತಿಪ್ಪಜ್ಜ ಎಂಬ ಆಮೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ. ಆದ್ದರಿಂದ ಜಗಳಕ್ಕೆ ಕೊರತೆ ಇರಲಿಲ್ಲ.

ಗಿಳಿಮರಿಗಳದ್ದು ಒಂದು ಕಷ್ಟ. ಪೊಟರೆಯ ಬಾಯಿಗೆ ಬಂದು ಕೂರುವ ವಯಸ್ಸಿಗೆ ಕೊಕ್ಕು ಬಲಿತಿರುತ್ತದೆ, ರೆಕ್ಕೆ ಬಲಿತಿರುವುದಿಲ್ಲ. ಬಲಿತ ಕೊಕ್ಕಿಗೆ ಏನಾದರೂ ಕಚ್ಚುವ ಕೆಲಸ ಬೇಕು. ಕೆಲಸ ಇಲ್ಲದಿದ್ದರೆ ಮರಿಗೆ ಬೇಸರ. ಬೇಸರವಾದ ಮರಿ ಹೊರಗೆ ಇಣುಕುತ್ತದೆ, ಇಣುಕಿದ ಮರಿ ಬೀಳುತ್ತದೆ. ಹಿಂದಿನ ವರ್ಷ ಸೋಮಿಯ ಮರಿ ಬಿದ್ದದ್ದು ಹಾಗೆಯೇ. ಈ ವರ್ಷ ಅವಳು ಕಾವು ಕೊಟ್ಟ ಮೊಟ್ಟೆಗಳಲ್ಲಿ ಒಂದೇ ಒಂದು ಒಡೆದಿತ್ತು. ಆ ಮರಿಯ ಹೆಸರು ಪಚ್ಚಿ. ಪಚ್ಚಿಯನ್ನು ಹಾರುವ ತನಕ ಪೊಟರೆಯಲ್ಲೇ ಹಿಡಿದಿಡಬೇಕು. ಸೋಮಿಗೆ ಬೇರೆ ಯೋಚನೆಯೇ ಇರಲಿಲ್ಲ.

ಅದಕ್ಕೇ ಆ ಮರದಲ್ಲಿ ಪೊಟರೆಯ ಬಾಯಿಗೆ ಆಟಿಕೆ ಕಟ್ಟುವ ಪದ್ಧತಿ ಇತ್ತು. ಕಟ್ಟುವ ಮೊದಲು ಭರಮಪ್ಪ ಅದನ್ನು ಎಳೆಯಬೇಕು. ಇದಕ್ಕೆ ‘ಎಳೆತ’ ಎಂದೇ ಹೆಸರು. ಆಟಿಕೆಯನ್ನು ಮೋಟುಕೊಂಬೆಗೆ ಸಿಕ್ಕಿಸಿ, ಎರಡು ಕಾಲನ್ನೂ ಕಾಂಡಕ್ಕೆ ಒತ್ತಿ, ಹಲ್ಲು ಕಚ್ಚಿ ಎಳೆಯುತ್ತಿದ್ದ. ಹರಿಯದಿದ್ದರೆ “ಗಟ್ಟಿ” ಎನ್ನುತ್ತಿದ್ದ. ಹರಿದರೆ ಕೆರೆಗೆ ಎಸೆಯುತ್ತಿದ್ದ. ತಾನು ಎಳೆದರೆ ಹರಿಯದ ವಸ್ತು ಲೋಕದಲ್ಲಿ ಕಡಿಮೆ ಎಂಬುದು ಅವನ ಹೆಮ್ಮೆ. ಮರಿಗೆ ನಿಜವಾಗಿ ಬೇಕಾದದ್ದೇನು ಎಂಬ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ಕೆಲಸ ಹೋಗುತ್ತಿತ್ತು.

ಇನ್ನು ಕಲ್ಲವ್ವ. ಅವಳು ಸಾಧು ಪ್ರಾಣಿಯಲ್ಲ. ಬಾಯಿ ಜೋರು. ಅಕ್ಕಪಕ್ಕದವರ ಗೂಡಿನ ಬಗ್ಗೆ ಯಾರೂ ಕೇಳದೆಯೇ ಅಭಿಪ್ರಾಯ ಹೇಳುವವಳು. ಆದರೆ ಅವಳು ಕೂತು ಆಟಿಕೆ ಮಾಡುವುದನ್ನು ನೋಡಿದರೆ ಮಿಕ್ಕದ್ದನ್ನೆಲ್ಲ ಮರೆಯಬಹುದಿತ್ತು.

ಮುಳ್ಳುಪೊದೆಯ ಮೇಲೆ ಹಬ್ಬಿದ ಕಾಡುಹೀರೆಯ ಬಳ್ಳಿಯಿಂದ ಒಣಗಿ ನಾರಾದ ಕಾಯಿ ತರುತ್ತಿದ್ದಳು. ಅದನ್ನು ಬಿಲ್ಲೆಬಿಲ್ಲೆಯಾಗಿ ಹಲ್ಲಿನಲ್ಲೇ ಕೊಯ್ಯುತ್ತಿದ್ದಳು. ಸಿಪ್ಪೆ ಬಿಡಿಸದ ಹುಣಸೆಕಡ್ಡಿ, ಜೊಂಡಿನ ಒಳಗಿನ ಬೆಂಡು, ಈಚಲ ಗರಿ, ಇಷ್ಟೇ ಅವಳ ಸಾಮಾನು. ಗರಿಯನ್ನು ಸೀಳಿ ಸಡಿಲವಾಗಿ ಹೊಸೆದು ಎಲ್ಲವನ್ನೂ ಪೋಣಿಸುತ್ತಿದ್ದಳು. ಒಂದೊಂದು ಎಳೆಯನ್ನೂ ತನ್ನ ಕುತ್ತಿಗೆಗೆ ಹಿಡಿದು ನೋಡುತ್ತಿದ್ದಳು. ಒಂದು ಸುತ್ತು ಬಂದರೆ ಅಲ್ಲೇ ಕತ್ತರಿಸಿ ಚಿಕ್ಕದು ಮಾಡುತ್ತಿದ್ದಳು. ಸುತ್ತು ಬಾರದ್ದು ಉರುಳಾಗುವುದಿಲ್ಲ. ಬಳೆಯಂಥದ್ದನ್ನು ಹೆಣೆದರೆ ಅದರ ತೂತು ಮರಿಯ ತಲೆ ಸಲೀಸಾಗಿ ಹೋಗಿಬರುವಷ್ಟು ದೊಡ್ಡದಿರಬೇಕು, ಇಲ್ಲವೇ ತಲೆಯೇ ತೂರದಷ್ಟು ಚಿಕ್ಕದಿರಬೇಕು. ನಡುವಿನ ಅಳತೆಯನ್ನು ಅವಳು ಮಾಡುತ್ತಲೇ ಇರಲಿಲ್ಲ.

ಹೊಸ ಕಡ್ಡಿ ಸಿಕ್ಕಿದರೆ ಮೊದಲು ತಾನೇ ಒಂದು ಚೂರು ಕಡಿದು, ಮಾರನೆಯ ದಿನದವರೆಗೆ ಕಾಯುತ್ತಿದ್ದಳು. ಒಮ್ಮೆ ಹೂವು ಚೆಂದ ಇದೆ ಎಂದು ಕಣಗಿಲೆಯ ಕಡ್ಡಿ ಕಡಿದು, ಸತ್ತೇ ಹೋದಳು ಎಂದು ಎಲ್ಲರೂ ಅಂದುಕೊಳ್ಳುವ ಹಾಗೆ ಮಲಗಿದ್ದಳು. ಆ ಗಿಡದ ಹೂವು ಈಗಲೂ ಚೆಂದವಾಗಿಯೇ ಇದೆ. ಕಲ್ಲವ್ವ ಅದರ ಕಡೆ ತಿರುಗಿ ನೋಡುವುದಿಲ್ಲ. ನೀವು ಹೀಗೆ ಕಡಿದು ನೋಡಬೇಡಿ. ಅವಳಿಗೆ ಕೇಳಲು ಯಾರೂ ಇರಲಿಲ್ಲ, ನಿಮಗೆ ತಿಳಿದ ದೊಡ್ಡವರಿದ್ದಾರೆ.

ಇಷ್ಟೆಲ್ಲ ಮಾಡಿದ ಆಟಿಕೆ ಭರಮಪ್ಪನ ಕೈಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹರಿಯುತ್ತಿತ್ತು. ಪ್ರತಿ ಸಲವೂ. ಕಾಡಿನಲ್ಲಿ ಅವಳ ಆಟಿಕೆಗೆ ‘ಹರುಕು’ ಎಂದೇ ಹೆಸರು ಬಿದ್ದಿತ್ತು. ಆದರೂ ಅವಳು ಮಾಡುವುದನ್ನು ಬಿಟ್ಟಿರಲಿಲ್ಲ. ಹಠಮಾರಿತನ ಎಂದರು. ಅಲ್ಲ ಎನ್ನಲಾಗದು. ಆದರೆ ಸರಿಯಾದ ಕೆಲಸದ ಮೇಲಿನ ಹಠವೂ ಇರುತ್ತದೆ, ಅದು ಅಪರೂಪ.

ಪಚ್ಚಿ ಪೊಟರೆಯ ಬಾಯಿಗೆ ಬಂದ ಬೆಳಿಗ್ಗೆ ಎಳೆತ ನಡೆಯಿತು.

ದುರ್ಗ ತನ್ನ ಆಟಿಕೆಯನ್ನು ಕೊಕ್ಕಿನಲ್ಲಿ ತೂಗಾಡಿಸುತ್ತ ಬಂದ. ಮೀನು ಹಿಡಿಯುವವರು ದಂಡೆಯಲ್ಲಿ ಬಿಸಾಡಿದ್ದ ಬಲೆಯಿಂದ ಬಿಡಿಸಿದ ನೀಲಿ ನೈಲಾನ್ ದಾರ. ಅದರ ತುದಿಗೆ ಎಲ್ಲಿಂದಲೋ ತಂದ ಒಂದು ಗಂಟೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಮುಟ್ಟಿದರೆ ಕಿಣಿ ಎನ್ನುತ್ತಿತ್ತು.

“ಇಂಥದ್ದು ಈ ಕಾಡಲ್ಲಿ ಯಾರ ಮರಿಗೂ ಇಲ್ಲ ಸೋಮಕ್ಕ” ಎಂದ ದುರ್ಗ. “ಗಂಟು ನೋಡು. ಹಾಕಿದ ನನ್ನನ್ನು ಬಿಟ್ಟರೆ ಯಾರಿಗೂ ಬಿಚ್ಚೋಕಾಗಲ್ಲ.”

ಭರಮಪ್ಪ ಅದನ್ನು ಮೋಟುಕೊಂಬೆಗೆ ಸಿಕ್ಕಿಸಿ ಎಳೆದ. ಹರಿಯಲಿಲ್ಲ. ಕಾಲು ಬದಲಾಯಿಸಿ ಎಳೆದ. ಮರದಿಂದ ನಾಲ್ಕು ಹಣ್ಣು ಉದುರಿದವು. ದಾರ ಅವನ ಅಂಗೈಯಲ್ಲಿ ಕೆಂಪು ಗೆರೆ ಮೂಡಿಸಿತು, ತಾನು ಹರಿಯಲಿಲ್ಲ.

“ಗಟ್ಟಿ” ಎಂದ ಭರಮಪ್ಪ, ಏದುಸಿರು ಬಿಡುತ್ತ. “ನನ್ನ ಜನ್ಮದಲ್ಲಿ ಇಷ್ಟು ಗಟ್ಟಿ ಆಟಿಕೆ ನೋಡಿಲ್ಲ.”

ಅವನ ಅಂಗೈಯ ಗೆರೆಯನ್ನು ಕಲ್ಲವ್ವ ಒಬ್ಬಳೇ ನೋಡಿದಳು. ಆಮೇಲೆ ಗಂಟೆಯ ಹತ್ತಿರ ಹೋಗಿ ನೆಕ್ಕಿ, ಉಗುಳಿದಳು.

“ಏನೋ ದುರ್ಗ, ಇದರ ಹೊಳಪು ನಾಲಿಗೆಗೆ ಹತ್ತುತ್ತಲ್ಲೋ.”

“ನಿನ್ನ ನಾಲಿಗೆಗೆ ಏನು ತಾನೆ ಹತ್ತಲ್ಲ ಕಲ್ಲಕ್ಕ” ಎಂದ ಕಾಗೆ. ಎಲ್ಲರೂ ನಕ್ಕರು.

ಕಲ್ಲವ್ವನ ಸರದಿ ಬಂತು. ಭರಮಪ್ಪ ಅವಳ ಆಟಿಕೆಯನ್ನು ಎರಡೇ ಬೆರಳಿನಲ್ಲಿ ಹಿಡಿದು, ಬೇಕೆಂದೇ ಮುಖ ಆಚೆ ತಿರುಗಿಸಿ ಎಳೆದ. ಗರಿ ಪಟ್ ಎಂದಿತು. ಹೀರೆಬಿಲ್ಲೆಗಳು ಚೆಲ್ಲಾಪಿಲ್ಲಿಯಾದವು. ಉಳಿದದ್ದನ್ನು ಕೆರೆಗೆ ಎಸೆದ. ಅದು ತಿಪ್ಪಜ್ಜನ ಬೆನ್ನ ಮೇಲೆ ಬಿತ್ತು.

“ವರ್ಷಾ ವರ್ಷಾ ನನ್ನ ಮೇಲೇ ಯಾಕಪ್ಪ ಹಾಕ್ತೀಯ?” ಎಂದ ತಿಪ್ಪಜ್ಜ.

“ಇಷ್ಟು ದೊಡ್ಡ ಕೆರೆಯಲ್ಲಿ ನೀನೇ ಅಲ್ಲಿರ್ತೀಯ ಅಜ್ಜ.”

ಕಲ್ಲವ್ವ ಬಾಲ ಕೊಡವಿದಳು. “ಭರಮಪ್ಪ, ಒಂದು ಕೇಳ್ತೀನಿ. ಇದರಲ್ಲಿ ಆಡೋದು ನೀನಾ, ಪಚ್ಚೀನಾ?”

“ಪಚ್ಚಿ.”

“ಹಾಗಾದರೆ ನೀನು ಯಾಕೆ ಎಳೀತೀಯ?”

ಭರಮಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಅವನಿಗೆ ಅಭ್ಯಾಸವಿಲ್ಲದ ಕೆಲಸ ಅದು. “ನಮ್ಮಪ್ಪ ಎಳೀತಿದ್ದ” ಎಂದ.

ಸೋಮಿ ನಡುವೆ ಬಂದಳು. “ಬಿಡು ಕಲ್ಲಕ್ಕ. ಇರೋದು ಒಂದೇ ಮರಿ. ಎರಡು ದಿನಕ್ಕೆ ಹರಿದುಹೋಗೋ ಆಟಿಕೆ ಕಟ್ಟಿ, ಮೂರನೇ ದಿನ ಅದು ಬೇಸರ ಆಗಿ ಬಿದ್ದರೆ ಏನು ಮಾಡ್ಲಿ?”

“ಮೂರನೇ ದಿನಕ್ಕೆ ಇನ್ನೊಂದು ಮಾಡಿಕೊಡ್ತೀನಿ.”

“ಹಾಗೆ ಎಷ್ಟು ಮಾಡ್ತೀಯ?”

“ಹರಿದಷ್ಟೂ ಮಾಡ್ತೀನಿ. ಹರೀಲಿ ಅಂತಾನೇ ಮಾಡ್ತೀನಿ.”

ಎಲ್ಲರೂ ಮತ್ತೆ ನಕ್ಕರು. ಹರಿಯಲೆಂದೇ ಆಟಿಕೆ ಮಾಡುವವಳನ್ನು ಅವರು ಕಂಡಿರಲಿಲ್ಲ. ಪೊಟರೆಯ ಬಾಯಿಯ ಒಣ ಮೋಟಿಗೆ ನೀಲಿ ದಾರದ ಆಟಿಕೆ ಕಟ್ಟಿದರು.

ನಿಜ ಹೇಳಬೇಕೆಂದರೆ, ಪಚ್ಚಿಗೆ ಅದು ತುಂಬ ಇಷ್ಟವಾಯಿತು. ದಿನವಿಡೀ ಗಂಟೆ ಕಿಣಿಕಿಣಿ ಎನ್ನುತ್ತಿತ್ತು. ಪಚ್ಚಿ ಹೊರಗೆ ಇಣುಕಲಿಲ್ಲ. ಸೋಮಿ ನೆಮ್ಮದಿಯಿಂದ ಹಣ್ಣು ತರಲು ಹೋಗಿಬರುತ್ತಿದ್ದಳು. ದುರ್ಗ ತುದಿಯಲ್ಲಿ ಕೂತು, ಕೇಳದವರಿಗೂ ಕೇಳಿಸುವ ಹಾಗೆ, “ನಮ್ಮದೇ ಕೈಕೆಲಸ” ಎನ್ನುತ್ತಿದ್ದ.

ಕಲ್ಲವ್ವ ಮಾತ್ರ ಹತ್ತುವಾಗ ಇಳಿಯುವಾಗ ನಿಂತು ನೋಡುತ್ತಿದ್ದಳು. ಪಚ್ಚಿ ಎಷ್ಟು ಕಚ್ಚಿದರೂ ದಾರ ತುಂಡಾಗಲಿಲ್ಲ. ಬದಲು ಕೂದಲಿನ ಹಾಗೆ ಸಣ್ಣ ಸಣ್ಣ ಎಳೆಗಳಾಗಿ ಬಿಚ್ಚಿಕೊಂಡು ಜಡೆಗಟ್ಟಿತು. ಗಂಟೆಯ ಒಂದು ಮಗ್ಗುಲಿನಲ್ಲಿ ಹೊಳಪು ಹೋಗಿ ಬೂದು ಬಣ್ಣ ಕಾಣಿಸಿತು. ಹೋದ ಹೊಳಪು ಕೆಳಗೆಲ್ಲೂ ಬಿದ್ದಿರಲಿಲ್ಲ.

“ಸೋಮಿ, ಮರಿ ಊಟ ಮಾಡ್ತಿದೆಯೇನೇ?” ಎಂದು ಕೇಳಿದಳು.

“ನಿನ್ನೆಯಿಂದ ಸ್ವಲ್ಪ ಕಡಿಮೆ. ವಾಂತಿ ಮಾಡಿತು. ಹಣ್ಣು ಹುಳಿ ಇತ್ತೇನೋ.”

“ಹಣ್ಣಲ್ಲ. ಗಂಟೆಯ ಹೊಳಪು ಮರಿಯ ಹೊಟ್ಟೆಗೆ ಹೋಗ್ತಿದೆ. ಆ ಗಂಟೆ ತೆಗಿ. ದಾರಾನೂ ತೆಗಿ, ಅದು ಜಡೆಗಟ್ಟಿದೆ.”

ಸೋಮಿಯ ಕುತ್ತಿಗೆಯ ಗರಿ ನಿಮಿರಿತು. “ಅಕ್ಕ, ಬೇಜಾರು ಮಾಡ್ಕೋಬೇಡ. ನಿನ್ನ ಆಟಿಕೆ ಕೆರೆಗೆ ಹೋಯ್ತು ಅಂತ ಹೊಟ್ಟೆಕಿಚ್ಚು. ಮರಿ ಮೊದಲ ಸಲ ಸುಮ್ಮನೆ ಕೂತಿದೆ.”

“ಸುಮ್ಮನೆ ಕೂತಿರೋದೇ ನನಗೆ ಸರಿ ಕಾಣ್ತಿಲ್ಲ” ಎಂದು ಹೇಳಿ ಕಲ್ಲವ್ವ ಇಳಿದುಹೋದಳು.

ಮರುದಿನ ಬೆಳಿಗ್ಗೆ ಗಂಟೆ ಬೇರೆ ರೀತಿ ಸದ್ದು ಮಾಡಿತು. ನಿಲ್ಲದೆ, ಅಡ್ಡಾದಿಡ್ಡಿಯಾಗಿ. ಎಲ್ಲರೂ ತಲೆ ಎತ್ತಿದರು. ಪಚ್ಚಿ ಪೊಟರೆಯ ಹೊರಗೆ ತಲೆಕೆಳಗಾಗಿ ನೇತಾಡುತ್ತಿತ್ತು. ನೀಲಿ ಎಳೆಗಳು ಅದರ ಬಲಗಾಲಿಗೆ ಸುತ್ತಿಕೊಂಡಿದ್ದವು. ಒದ್ದಾಡಿದಷ್ಟೂ ಬಿಗಿಯಾಗುತ್ತಿದ್ದವು. ಸೋಮಿ ಸುತ್ತಲೂ ಹಾರುತ್ತ ಕೂಗುತ್ತಿದ್ದಳು.

ಭರಮಪ್ಪ ಎರಡೇ ನೆಗೆತಕ್ಕೆ ಮೇಲೆ ಬಂದ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ದಾರ ಹಿಡಿದು ಎಳೆದ. ಪಚ್ಚಿ ಕಿರುಚಿತು. ದಾರ ಹರಿಯಲಿಲ್ಲ. ಕಾಲಿನ ಸುತ್ತು ಇನ್ನಷ್ಟು ಒಳಗೆ ಇಳಿಯಿತು.

“ಎಳೀಬೇಡ” ಎಂದಳು ಕಲ್ಲವ್ವ. ಅವಳು ಆಗಲೇ ಕಾಂಡದ ಮೇಲೆ ಓಡಿಬಂದಿದ್ದಳು. “ನೀನು ಎಳೆದರೆ ಕಾಲು ಹರಿಯುತ್ತೆ. ದಾರ ಹರಿಯಲ್ಲ. ನೀನೇ ಹೇಳಿದ್ದೆಯಲ್ಲ, ಗಟ್ಟಿ ಅಂತ.”

ಭರಮಪ್ಪ ಕೈ ಬಿಟ್ಟ. ಅವನ ಕರಿಮುಖ ಬಿಳಿಚಿಕೊಳ್ಳಲು ಸಾಧ್ಯವಿದ್ದಿದ್ದರೆ ಆಗ ಬಿಳಿಚುತ್ತಿತ್ತು.

ಕಲ್ಲವ್ವ ದಾರಕ್ಕೆ ಬಾಯಿ ಹಾಕಿದಳು. ಅದು ಹಲ್ಲಿನ ಸಂದಿಯಲ್ಲಿ ಜಾರಿತು. ಮತ್ತೆ ಹಾಕಿದಳು. ಒಂದು ಎಳೆ ಹೋದರೆ ಇನ್ನೂ ಹತ್ತಾರು. ಅತ್ತಿಯ ಕೊಂಬೆ, ಹುಣಸೆಯ ಬೀಜ, ಯಾವುದಕ್ಕೂ ಸೋಲದ ಹಲ್ಲು ಅವಳದು. ಇಲ್ಲಿ ಹೊತ್ತು ಹೋಗುತ್ತಿತ್ತು, ದಾರ ಹೋಗುತ್ತಿರಲಿಲ್ಲ. ಪಚ್ಚಿಯ ಕೂಗು ಸಣ್ಣಗಾಗತೊಡಗಿತು.

ಇಲ್ಲೇ ಅವಳನ್ನು ಮೆಚ್ಚಬೇಕು. ಬೇರೆಯವರಾಗಿದ್ದರೆ ಅದೇ ದಾರವನ್ನು ಕಚ್ಚುತ್ತಲೇ ಇರುತ್ತಿದ್ದರು. ಕಲ್ಲವ್ವ ದಾರವನ್ನು ಬಿಟ್ಟಳು. ಮೇಲೆ ನೋಡಿದಳು. ದಾರ ಕಟ್ಟಿದ್ದ ಮೋಟುಕೊಂಬೆ ಒಣಗಿತ್ತು.

“ಭರಮಪ್ಪ, ಎರಡು ಅಂಗೈ ಸೇರಿಸಿ ಮರಿಯ ಕೆಳಗೆ ಹಿಡಿ. ಎತ್ತು, ದಾರ ಸಡಿಲವಾಗೋ ತನಕ. ಹಿಡಿದುಕೊಂಡೇ ಇರು, ಅಲ್ಲಾಡಬೇಡ.”

ಅವನು ಹಿಡಿದ. ಜೀವಮಾನವಿಡೀ ಎಳೆದ ಕೈ ಅವತ್ತು ಮೊದಲ ಸಲ ಏನನ್ನೂ ಎಳೆಯದೆ ನಿಂತಿತು. ಚೆನ್ನಾಗಿಯೇ ನಿಂತಿತು. ಕಲ್ಲವ್ವ ಮೋಟುಕೊಂಬೆಯನ್ನು ಬುಡದಲ್ಲಿ ಕಡಿಯತೊಡಗಿದಳು. ಮರದ ಪುಡಿ ಉದುರಿತು. ಕೊಂಬೆ ಲಟಕ್ ಎಂದು ಮುರಿದು, ದಾರ, ಗಂಟೆ, ಮರಿ ಎಲ್ಲ ಒಟ್ಟಿಗೆ ಭರಮಪ್ಪನ ಅಂಗೈಯಲ್ಲಿ ಕೂತವು.

ಕಾಲಿನ ಸುತ್ತು ಹಾಗೇ ಇತ್ತು. ಆ ಎಳೆಗಳ ಸಂದಿಗೆ ತೂರಲು ಅಳಿಲಿನ ಹಲ್ಲು ತೀರ ದಪ್ಪ.

“ದುರ್ಗ” ಎಂದು ಕರೆದಳು ಕಲ್ಲವ್ವ. “ಗಂಟು ನಿನ್ನದು. ನಿನ್ನ ಬಿಟ್ಟರೆ ಯಾರಿಗೂ ಬಿಚ್ಚೋಕಾಗಲ್ಲ ಅಂದಿದ್ದೆ. ಬಾ.”

ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ, ದುರ್ಗ ಮರದ ತುದಿಯಿಂದ ಹಾರಿದ. ಕೆಳಗೆ ಬಂದು, ಕೊಕ್ಕಿನ ತುದಿಯಿಂದ ಒಂದೊಂದೇ ಎಳೆಯನ್ನು ಹುಡುಕಿ, ಎತ್ತಿ, ಬಿಡಿಸಿದ. ಬಿಸಿಲು ನೆತ್ತಿಗೆ ಬಂತು. ಅವನು ತಲೆ ಎತ್ತಲಿಲ್ಲ. ಕಾಗೆಯೊಂದು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಆ ಕಾಡಿನಲ್ಲಿ ಅದೇ ಮೊದಲು. ಕೊನೆಯ ಎಳೆ ಬಿಟ್ಟಾಗ ಪಚ್ಚಿಯ ಒಂದು ಬೆರಳು ಕಪ್ಪಾಗಿತ್ತು.

ಆ ಬೆರಳು ಆಮೇಲೆ ಉದುರಿಹೋಯಿತು. ಮಕ್ಕಳ ಕತೆ ಎಂದು ಅದನ್ನು ಮತ್ತೆ ಅಂಟಿಸಲು ನನ್ನಿಂದಾಗದು. ಉಳಿದ ಪಚ್ಚಿ ಚೆನ್ನಾಗಿತ್ತು. ಗಂಟೆ ದೂರವಾದ ಮೇಲೆ ವಾಂತಿ ನಿಂತಿತು, ಹಣ್ಣು ತಿನ್ನತೊಡಗಿತು. ತಿಂದ ಮೇಲೆ ಬೇಸರ ಶುರುವಾಯಿತು. ಪೊಟರೆಯ ಬಾಯಿಗೆ ಬಂದು ಹೊರಗೆ ಇಣುಕಿತು.

ಸೋಮಿ ಕೆಳಗಿನ ಪೊಟರೆಗೆ ಬಂದಳು.

“ಕಲ್ಲಕ್ಕ, ನಿನ್ನ ಆ ಹರುಕು ಆಟಿಕೆ...”

“ಕೆರೆಗೆ ಎಸೆದರಲ್ಲ.”

“ನಾನು ತಿಂದೆ” ಎಂದ ತಿಪ್ಪಜ್ಜ, ನೀರಿನಿಂದ ತಲೆ ಎತ್ತಿ. “ವರ್ಷಾ ವರ್ಷಾ ತಿಂತೀನಿ. ಗರಿ ಸಪ್ಪೆ, ಹೀರೆ ನಾರು ಪರವಾಗಿಲ್ಲ. ಏನೂ ಆಗಿಲ್ಲ ನನಗೆ.”

ಎಲ್ಲರೂ ತಿಪ್ಪಜ್ಜನನ್ನು ನೋಡಿದರು. ಆ ಕಾಡಿನ ಅತ್ಯಂತ ಹಳೆಯ ಪ್ರಾಣಿ ಅದು. ಕಲ್ಲವ್ವನ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಇಷ್ಟು ವರ್ಷ ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

“ಆ ಗಂಟೆ ಕೊಟ್ಟರೆ ತಿಂತೀಯ ಅಜ್ಜ?” ಎಂದ ಭರಮಪ್ಪ.

“ನಾನು ಇಷ್ಟು ವರ್ಷ ಬದುಕಿದ್ದು ಹೇಗೆ ಅಂದ್ಕೊಂಡೆ?” ಎಂದು ತಿಪ್ಪಜ್ಜ ಮುಳುಗಿದ.

ಕಲ್ಲವ್ವ ಹೊಸ ಆಟಿಕೆ ಮಾಡಿದಳು. ಈ ಸಲ ಎಳೆತಕ್ಕೆ ಭರಮಪ್ಪನೂ ಕೈ ನೀಡಲಿಲ್ಲ. ಆದರೆ ಪರೀಕ್ಷೆಯೇ ಬೇಡ ಎಂದು ಕಲ್ಲವ್ವ ಹೇಳಲಿಲ್ಲ. “ಎಳೀಲಿ, ಆದರೆ ಮರಿ ಎಳೀಲಿ” ಎಂದಳು. ಪಚ್ಚಿ ಹಿಡಿದು ಜಗ್ಗಿದರೆ ನಿಲ್ಲಬೇಕು, ಒದ್ದಾಡಿದರೆ ಬಿಟ್ಟುಕೊಡಬೇಕು. ಕಲ್ಲವ್ವ ಅದಕ್ಕೆ ಸರಿಯಾಗಿ ಗರಿಯನ್ನು ಸೀಳಿ, ಸಡಿಲಿಸಿ, ಮತ್ತೆ ಸೀಳಿ ನೋಡಿದಳು. ಇದು ಗಟ್ಟಿ ಗಂಟು ಹಾಕುವುದಕ್ಕಿಂತ ಕಷ್ಟದ ಕೆಲಸ. ಎಲ್ಲಿ ಸೋಲಬೇಕು ಎಂದು ತಿಳಿದು ಸೋಲುವ ವಸ್ತುವನ್ನು ಮಾಡಲು ನಿಜವಾದ ಕಸುಬು ಬೇಕು.

ಒಂದು ಮಧ್ಯಾಹ್ನ ಪಚ್ಚಿಯ ಕಾಲು ಮತ್ತೆ ಸಿಕ್ಕಿಕೊಂಡಿತು. ಸೋಮಿ ಕೂಗುವ ಮೊದಲೇ ಗರಿ ಪಟ್ ಎಂದಿತು. ಪಚ್ಚಿ ಪೊಟರೆಯೊಳಗೆ ಕುಂಡೆ ಊರಿ ಕೂತು, ಕಾಲಿನಲ್ಲಿ ಉಳಿದ ಗರಿಯ ಚೂರನ್ನು ಅಚ್ಚರಿಯಿಂದ ನೋಡಿ, ತಿಂದುಬಿಟ್ಟಿತು. ಸಂಜೆಗೆ ಕಲ್ಲವ್ವ ಇನ್ನೊಂದು ಕಟ್ಟಿದಳು, ಇಷ್ಟು ಬೇಗ ಹರಿದದ್ದಕ್ಕೆ ಬೈಯುತ್ತ. ಬೈಗುಳ ಬರೀ ರೂಢಿ, ಮುಖದಲ್ಲಿ ಸಂತೋಷ ಇತ್ತು.

ಹೀಗೆ ಹರಿಯುತ್ತ, ಕಟ್ಟುತ್ತ ದಿನಗಳು ಕಳೆದವು. ಒಂದು ಬೆಳಿಗ್ಗೆ ಪಚ್ಚಿ ಪೊಟರೆಯ ಬಾಯಿಗೆ ಬಂದು, ಇಣುಕಿ, ಬೀಳಲಿಲ್ಲ. ಹಾರಿತು. ಒಂದು ಬೆರಳು ಕಡಿಮೆ ಇರುವ ಗಿಳಿ ಹಾರುವುದನ್ನು ಕೆಳಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಸೋಮಿ ನೋಡುತ್ತಲೇ ಇದ್ದಳು. ಕಲ್ಲವ್ವ ತನಗೇನೂ ಸಂಬಂಧವಿಲ್ಲ ಎನ್ನುವ ಹಾಗೆ ಹೀರೆಕಾಯಿ ಕೊಯ್ಯುತ್ತಿದ್ದಳು. ಒಂದೇ ಬಿಲ್ಲೆಯನ್ನು ಎರಡು ಸಲ ಕೊಯ್ದಳು.

ಅಲ್ಲಿಂದ ಮುಂದೆ ಆ ಮರದ ಮರಿಗಳಿಗೆಲ್ಲ ಅವಳದೇ ಆಟಿಕೆ. ಎತ್ತರದ ಬಳ್ಳಿಯಿಂದ ಒಣ ಹೀರೆಕಾಯಿ ಕಿತ್ತು ತರುವುದು ಭರಮಪ್ಪನ ಕೆಲಸವಾಯಿತು. ಬಳ್ಳಿಯನ್ನು ಎಳೆಯಬಹುದಾದ್ದರಿಂದ ಅವನಿಗೂ ಸಮಾಧಾನ. ದುರ್ಗ ದಂಡೆಯಿಂದ ಜೊಂಡು ತಂದುಕೊಡುತ್ತಿದ್ದ. ಹೊಳೆಯುವುದು ಏನು ಕಂಡರೂ ಮೊದಲು ಕಲ್ಲವ್ವನಿಗೆ ತೋರಿಸುತ್ತಿದ್ದ. ಅವಳು ಬೇಡ ಎಂದರೆ ಬೇಸರದಿಂದಲೇ ಬಿಡುತ್ತಿದ್ದ. ಬಿಡುತ್ತಿದ್ದ ಎಂಬುದು ಮುಖ್ಯ. ನೀಲಿ ದಾರವನ್ನೂ ಗಂಟೆಯನ್ನೂ ಕೆರೆಗೆ ಎಸೆಯಲು ತಿಪ್ಪಜ್ಜ ಒಪ್ಪಲಿಲ್ಲ. ಬಂಡೆಯ ಸಂದಿಗೆ ತುರುಕಿ ಮೇಲೆ ಕಲ್ಲು ಮುಚ್ಚಿದರು. ಅದು ಇಂದಿಗೂ ಅಲ್ಲಿ ಗಟ್ಟಿಯಾಗಿಯೇ ಇದೆ.

ನಿಮ್ಮ ಮನೆಯಲ್ಲಿ ಲವ್‌ಬರ್ಡ್ಸ್ ಎನ್ನುವ ಪುಟ್ಟ ಗಿಳಿಗಳು ಇದ್ದು, ಅವಕ್ಕೆ ನೀವೇ ಏನಾದರೂ ಆಟಿಕೆ ಕಟ್ಟುವವರಾದರೆ, ಕಟ್ಟುವ ಮೊದಲು ಆ ಬಂಡೆಯನ್ನೊಮ್ಮೆ ನೆನೆಯಿರಿ.

ಕಲ್ಲವ್ವನ ಆಟಿಕೆಗಳಲ್ಲಿ ಆಡಿ ಬೆಳೆದ ಮರಿಗಳೆಲ್ಲ ಈಗ ಕಾಡಿನ ತುಂಬ ಹಾರಾಡುತ್ತಿವೆ. ಆ ಆಟಿಕೆಗಳಲ್ಲಿ ಒಂದೂ ಉಳಿದಿಲ್ಲ.

ನೀತಿ: ಆಟಿಕೆ ಎಷ್ಟು ಗಟ್ಟಿ ಎಂದು ನೋಡಬೇಡಿ, ಮರಿ ಸಿಕ್ಕಿಕೊಂಡರೆ ಮೊದಲು ಸೋಲುವುದು ಯಾವುದು ಎಂದು ನೋಡಿ.